ಕೇಳಿಸುವ ಮೊದಲು ಕೇಳುವುದು

ಪುಣೆಯಲ್ಲಿ ಫ್ಲ್ಯಾಟು ಮಾರುವವರು ಟೆರೇಸನ್ನೂ ಚದರಡಿ ಲೆಕ್ಕದಲ್ಲೇ ಮಾರುತ್ತಾರೆ. ಹಾಲಿನ ಗಾಜಿನ ಬಾಗಿಲು ಸರಿಸಿದರೆ ಸಿಗುವ, ಮೇಲೆ ಸೂರಿಲ್ಲದ, ಮೂರು ಕಡೆ ಎದೆಮಟ್ಟದ ಗೋಡೆಯಿರುವ ಜಾಗ ಅದು. ಮುಂಬೈಯಲ್ಲಿ ಬಾಡಿಗೆಗಿದ್ದು ಇಲ್ಲಿಗೆ ಬಂದವರಿಗೆ ಅದೊಂದು ದೊಡ್ಡ ಆಸ್ತಿ. ಕರಾರುಪತ್ರದಲ್ಲಿ ಅದರ ಉದ್ದ ಅಗಲ ಬರೆದಿರುತ್ತದೆ, ಅದಕ್ಕೆ ಸೂರು ಹಾಕಿಸಬಾರದು, ಗ್ರಿಲ್ ಬದಲಿಸಬಾರದು ಎಂದೂ ಬರೆದಿರುತ್ತದೆ. ಅಲ್ಲಿ ಹುಟ್ಟುವ ಸದ್ದು ಎಲ್ಲಿಯವರೆಗೆ ನಮ್ಮದು ಎಂದು ಮಾತ್ರ ನಾನು ನೋಡಿದ ಯಾವ ಕರಾರಿನಲ್ಲೂ ಇಲ್ಲ.

ನಮ್ಮ ಟೆರೇಸಿಗೆ ಎರಡು ಸ್ಪೀಕರ್ ಹಾಕಿಸಬೇಕೆಂದು ಹೊರಟಾಗ ನನ್ನನ್ನು ತಡೆದು ನಿಲ್ಲಿಸಿದ್ದು ಈ ಪ್ರಶ್ನೆ. ಯಾವ ಕಂಪನಿಯದು, ಎಷ್ಟು ವಾಟು, ಮಳೆಗೆ ತಡೆಯುತ್ತದೆಯೇ ಎಂಬುದಕ್ಕೆಲ್ಲ ಅಂಗಡಿಯಲ್ಲೇ ಉತ್ತರ ಸಿಗುತ್ತದೆ. ಬಯಲಿನಲ್ಲಿ ಹಾಡು ಹಾಕುವುದು ಸರಿಯೇ ಎಂದು ಅಂಗಡಿಯವನನ್ನು ಕೇಳಲಾಗುವುದಿಲ್ಲ.

ಬಯಕೆಯೇನೋ ದೊಡ್ಡದಲ್ಲ. ಸಂಜೆ ಕೆಲಸ ಮುಗಿಸಿ ಕುರ್ಚಿ ಹಾಕಿ ಕುಳಿತಾಗ ಒಂದು ಭಾವಗೀತೆ, ಒಂದು ವಚನ ಗಾಯನ. ಇಯರ್‌ಫೋನಿನಲ್ಲಿ ಕೇಳಬಹುದಲ್ಲ ಎಂದರೆ, ಕೇಳಬಹುದು. ಆದರೆ ದಿನವಿಡೀ ಮೀಟಿಂಗುಗಳಿಗೆ ಒತ್ತೆಯಿಟ್ಟ ಕಿವಿಗೆ ಸಂಜೆಯೂ ಅದೇ ಬಿರಡೆ ಹಾಕಿಕೊಳ್ಳಲು ಮನಸ್ಸಾಗುವುದಿಲ್ಲ. ಇನ್ನೊಂದು ಕಾರಣವೂ ಇದೆ, ಅದನ್ನು ಊರು ಬಿಟ್ಟವರು ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಇಲ್ಲಿ ನಮ್ಮ ಕನ್ನಡ ಇರುವುದು ಬಾಗಿಲ ಒಳಗೆ. ಲಿಫ್ಟಿನಲ್ಲಿ ಹಿಂದಿ, ತರಕಾರಿಯವನ ಹತ್ತಿರ ಮರಾಠಿ, ಆಫೀಸಿನಲ್ಲಿ ಇಂಗ್ಲಿಷು. ಗಾಳಿಯಲ್ಲಿ, ಬಯಲಿನಲ್ಲಿ, ಗಿಡದ ಕುಂಡಗಳ ನಡುವೆ ಕನ್ನಡ ಕೇಳಿಸಿದರೆ ಈ ಹತ್ತಡಿ ಜಾಗವಾದರೂ ನಮ್ಮದು ಅನ್ನಿಸುತ್ತದೆ. ಈ ಅನ್ನಿಸಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದು ಪಕ್ಕದವರಿಗೆ ಏನು ಬೆಲೆಗೆ ಬೀಳುತ್ತದೆ ಎಂಬುದಷ್ಟೇ ನನ್ನ ಚಿಂತೆ.

ಮೊದಲು ಬಯಲಿನ ಸದ್ದಿನ ಸ್ವಭಾವ ಸ್ವಲ್ಪ ತಿಳಿದಿರಬೇಕು. ಕೋಣೆಯೊಳಗೆ ಗೋಡೆ, ಚಾವಣಿಗಳು ಸದ್ದನ್ನು ಮತ್ತೆ ನಮ್ಮ ಕಡೆಗೇ ತಿರುಗಿಸಿ ಕಳಿಸುತ್ತವೆ, ಹಾಗಾಗಿ ಸಣ್ಣ ಪೆಟ್ಟಿಗೆಯೂ ತುಂಬಿಕೊಂಡಂತೆ ಕೇಳಿಸುತ್ತದೆ. ಬಯಲಿನಲ್ಲಿ ಹಾಗೆ ತಿರುಗಿಸುವವರಿಲ್ಲ. ಸದ್ದು ಹೊರಟಿತೆಂದರೆ ಹೊರಟಿತು. ಅದಕ್ಕೇ ಟೆರೇಸಿನಲ್ಲಿ ಎಲ್ಲರೂ ವಾಲ್ಯೂಮ್ ಹೆಚ್ಚಿಸುತ್ತಾರೆ, ಅದರಲ್ಲೂ ಬೇಸ್ ಸಾಲದು ಎನ್ನಿಸಿ ಅದನ್ನೇ ಹೆಚ್ಚಿಸುತ್ತಾರೆ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದಂತೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ ಎಂಬುದು ಭೌತಶಾಸ್ತ್ರದ ಲೆಕ್ಕ. ಸುತ್ತ ಗೋಡೆಗಳಿದ್ದಲ್ಲಿ ಈ ಲೆಕ್ಕ ಅತ್ತಿತ್ತ ಆಗುತ್ತದೆ, ಆದರೂ ದಾರಿ ತೋರಿಸಲು ಸಾಕು.

ನನ್ನ ಕುರ್ಚಿಯಿಂದ ನಾಲ್ಕು ಮೀಟರ್ ದೂರದ ಗೋಡೆಗೆ ಒಂದು ದೊಡ್ಡ ಸ್ಪೀಕರ್ ಹಾಕಿದೆ ಎಂದುಕೊಳ್ಳಿ. ನನ್ನ ಕಿವಿಗೆ 65 ಡೆಸಿಬೆಲ್, ಅಂದರೆ ಹತ್ತಿರದ ಮಾತುಕತೆಗಿಂತ ಕೊಂಚ ಜೋರು, ಬೇಕೆಂದರೆ ಸ್ಪೀಕರಿನಿಂದ ಒಂದು ಮೀಟರಿನಲ್ಲಿ ಅದು 77 ಇರಬೇಕು. ಎಂಟು ಮೀಟರ್ ಆಚೆಯ ಪಕ್ಕದ ಮನೆಯ ಕಿಟಕಿಗೆ 59 ಮುಟ್ಟುತ್ತದೆ. ಅದರ ಬದಲು ಸಣ್ಣ ಸ್ಪೀಕರನ್ನು ಕುರ್ಚಿಯಿಂದ ಒಂದೇ ಮೀಟರ್ ದೂರದಲ್ಲಿಟ್ಟರೆ ನನಗೆ ಅದೇ 65, ಅಷ್ಟೇ ದೂರದ ಆ ಕಿಟಕಿಗೆ 47. ನನ್ನ ಸುಖದಲ್ಲಿ ಕೂದಲಷ್ಟೂ ಕಡಿಮೆಯಾಗಲಿಲ್ಲ, ಅವರ ಪಾಲಿಗೆ 12 ಡೆಸಿಬೆಲ್ ಇಳಿಯಿತು. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಅನ್ನಿಸುತ್ತದೆ ಎನ್ನುತ್ತಾರೆ. ನೀತಿಯ ಚರ್ಚೆಯಲ್ಲಿ ನನ್ನ ಸುಖ, ಅವರ ನೆಮ್ಮದಿ ಎಂದು ತಕ್ಕಡಿ ಹಿಡಿದು ಕೂರುತ್ತೇವೆ. ಎಷ್ಟೋ ಸಲ ಆ ತೂಕದ ಅರ್ಧ ಪಾಲು ಬರೀ ಸ್ಪೀಕರನ್ನು ಎಲ್ಲಿ ಹಾಕಿದೆವು ಎಂಬುದರಲ್ಲೇ ಮುಗಿದುಹೋಗುತ್ತದೆ.

ಕಾನೂನಿಗೂ ಈ ಅಳತೆಗಳು ಗೊತ್ತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಖಾಸಗಿಯವರ ಸೌಂಡ್ ಸಿಸ್ಟಮ್ಮಿನ ಸದ್ದು ಅವರ ಜಾಗದ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದು. ಹಗಲು ಎಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ಹತ್ತರ ಮೇಲೆ ತೆರೆದ ಜಾಗದಲ್ಲಿ ಸ್ಪೀಕರ್ ಹಾಕುವಂತೆಯೇ ಇಲ್ಲ. ಗಡಿಯಲ್ಲಿ ಅಳೆಯಬೇಕು ಎಂಬ ಮಾತು ನನಗೆ ಹಿಡಿಸಿತು. ನನ್ನ ಕುರ್ಚಿಯಲ್ಲಿ ಕುಳಿತು ಇಷ್ಟೇನೂ ಜೋರಿಲ್ಲ ಎಂದರೆ ನಡೆಯುವುದಿಲ್ಲ, ಎದ್ದು ಗೋಡೆಯ ತನಕ ಹೋಗಬೇಕು.

ಈ ವಿಷಯದಲ್ಲಿ ಸುಪ್ರೀಂ ಕೋರ್ಟು 2005ರ ಜುಲೈ 18ರಂದು ಒಂದು ದೀರ್ಘ ತೀರ್ಪು ಕೊಟ್ಟಿದೆ. ತನ್ನ ಮನೆಯೊಳಗೇ ಆಗಲಿ, ಅದನ್ನು ದಾಟಿ ಹೋಗಿ ನೆರೆಯವರನ್ನು ಕಾಡುವ ಸದ್ದು ಮಾಡಲು ಯಾರಿಗೂ ಹಕ್ಕಿಲ್ಲ ಎಂಬುದು ಅದರ ಸಾರ. ಆ ಮೊಕದ್ದಮೆಯ ಹಿನ್ನೆಲೆ ಓದಿದ ದಿನ ನಾನು ಸ್ಪೀಕರಿನ ಯೋಚನೆಯನ್ನು ಮುಂದಕ್ಕೆ ಹಾಕಿದ್ದೆ. ಹದಿಮೂರು ವರ್ಷದ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆಯುತ್ತಿದ್ದಾಗ ಅವಳು ಕೂಗಿದ್ದು ಅಕ್ಕಪಕ್ಕದವರಿಗೆ ಕೇಳಿಸಲಿಲ್ಲ, ಅಲ್ಲೇ ಧ್ವನಿವರ್ಧಕದಲ್ಲಿ ಹಾಡು ಮೊಳಗುತ್ತಿತ್ತು. ಹುಡುಗಿ ಆಮೇಲೆ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತಳು. ಹಾಡು ಹಾಕಿದವರಿಗೂ ಆ ಅಪರಾಧಕ್ಕೂ ಸಂಬಂಧವಿರಲಿಲ್ಲ, ನಿಜ. ಆದರೆ ನಮ್ಮ ಸದ್ದು ಇನ್ನೊಬ್ಬರ ಕಿವಿಗೆ ಹೋಗಿ ಬೀಳುತ್ತದೆ ಎಂದಷ್ಟೇ ನಾವು ಯೋಚಿಸುತ್ತೇವೆ. ಬೇರೆ ಯಾವುದೋ ಸದ್ದು ಅದರಡಿಯಲ್ಲಿ ಮುಳುಗಿಹೋಗುತ್ತದೆ ಎಂಬುದು ಹೊಳೆಯುವುದಿಲ್ಲ. ಬಿದ್ದ ಮುದುಕರ ನರಳಾಟ, ಬಾಗಿಲು ಬಡಿಯುವ ಮಗು, ಕುಕ್ಕರಿನ ಸೀಟಿಯೂ ಕೂಡ.

ಅಷ್ಟಾದರೂ ಡೆಸಿಬೆಲ್ಲಿನ ಲೆಕ್ಕ ಹಾಕಿ ಕೈ ತೊಳೆದುಕೊಳ್ಳುವಂತಿಲ್ಲ. ಕಾನೂನಿನ ಹಗಲು ಬೆಳಿಗ್ಗೆ ಆರಕ್ಕೆ ಶುರುವಾಗುತ್ತದೆ. ನಮ್ಮ ಕಟ್ಟಡದಲ್ಲಿ ಬೆಳಿಗ್ಗೆ ಆರಕ್ಕೆ ಕ್ಯಾಬಿನಿಂದ ಇಳಿದು ಮಲಗಲು ಹೋಗುವ ಹುಡುಗರಿದ್ದಾರೆ, ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್ ಇದ್ದಾರೆ. ಅವರ ನಡುರಾತ್ರಿ ನಮ್ಮ ಭಾನುವಾರದ ಹನ್ನೊಂದು ಗಂಟೆ. 54 ಡೆಸಿಬೆಲ್ಲಿನಲ್ಲಿ ಹಾಡು ಹಾಕಿದರೆ ನಿಯಮದ ಪ್ರಕಾರ ನಾನು ಸಾಚಾ. ಅವರ ನಿದ್ದೆ ಮಾತ್ರ ಕೆಟ್ಟಿರುತ್ತದೆ.

ನಮ್ಮ ಕನ್ನಡದ ಬಳಗದಲ್ಲಿ ಈ ಮಾತು ಬಂದಾಗ ಹುಬ್ಬಳ್ಳಿಯ ಗೆಳೆಯನೊಬ್ಬ ರೇಗಿದ. ರಾಜ್ಯೋತ್ಸವಕ್ಕೆ ನಮ್ಮ ಟೆರೇಸಿನಲ್ಲಿ ಸೇರುವುದೆಂದು ಮಾತಾಗಿತ್ತು, ದೊಡ್ಡ ಸ್ಪೀಕರ್ ಬಾಡಿಗೆಗೆ ತರೋಣ ಎಂದಿದ್ದ. "ಎಷ್ಟ್ ವರ್ಷಾತು, ನಾವು ಅವರ ಢೋಲ್-ತಾಶಾ ಕೇಳಿಲ್ಲೇನು? ಡಿಜೆ ಕೇಳಿಲ್ಲೇನು? ಒಂದಿನ ನಮ್ಮ ಕನ್ನಡಾನೂ ಅವರ ಕಿವಿಮ್ಯಾಲ ಬೀಳ್ಲಿ. ಇಲ್ಲಂದ್ರ ನಾವು ಈ ಊರಾಗ ಅದೀವಿ ಅಂತ ಯಾರಿಗರ ಹೆಂಗ ಗೊತ್ತಾಗ್ಬೇಕು?"

ಅವನ ಮಾತಿನಲ್ಲಿ ನೋವಿತ್ತು, ಅದನ್ನು ತಳ್ಳಿಹಾಕಲಾರೆ. ಗಣೇಶೋತ್ಸವದ ವಿಸರ್ಜನೆಯ ದಿನ ಎದೆಗೂಡು ನಡುಗುವ ಹಾಗೆ ಸದ್ದು ಸಹಿಸಿಕೊಂಡು, ನಮ್ಮ ಒಂದು ದಿನಕ್ಕೆ ಪಿಸುಗುಟ್ಟಬೇಕೆಂದರೆ ಯಾರಿಗಾದರೂ ರೇಗುತ್ತದೆ. ಆದರೆ ಅವನ ಲೆಕ್ಕದಲ್ಲಿ ಸಾಲ ಮಾಡಿದವನು ಒಬ್ಬ, ವಸೂಲಿ ಇನ್ನೊಬ್ಬನಿಂದ. ಮೆರವಣಿಗೆಯಲ್ಲಿ ಡಿಜೆ ಹಾಕಿಸಿದವನು ಯಾರೋ. ನಮ್ಮ ಕೆಳಗಿನ ಮನೆಯ ಎಂಬತ್ತರ ಆಜ್ಜಿ ಅಂದು ನಮ್ಮಂತೆಯೇ ಕಿವಿಗೆ ಹತ್ತಿ ಇಟ್ಟುಕೊಂಡು ಕುಳಿತಿದ್ದವರು. ಇಬ್ಬರೂ ಮರಾಠಿಯವರು ಎಂಬ ಒಂದೇ ಕಾರಣಕ್ಕೆ ಅವನ ಬಾಕಿಯನ್ನು ಇವರಿಂದ ಹೇಗೆ ಪಡೆಯುವುದು?

ಗೆಳೆಯನ ವಾದಕ್ಕೆ ಇನ್ನೊಂದು ತೊಡಕು ಸ್ಪೀಕರಿನ ಸ್ವಭಾವದಲ್ಲೇ ಇದೆ. ಗೋಡೆ, ಮುಚ್ಚಿದ ಗಾಜು, ಕರ್ಟನ್ನುಗಳು ತಡೆಯುವುದು ಹೆಚ್ಚಾಗಿ ಎತ್ತರದ ಸ್ವರಗಳನ್ನು. ಬೇಸ್ ಅವುಗಳನ್ನು ಸುಲಭವಾಗಿ ದಾಟುತ್ತದೆ, ಮೂಲೆಗಳನ್ನು ಬಳಸಿಕೊಂಡೂ ಬರುತ್ತದೆ. ಭಾಷೆ ಇರುವುದು ಬಹುಮಟ್ಟಿಗೆ ಮೇಲಿನ ಸ್ವರಗಳಲ್ಲಿ: ಸ, ಶ, ತ, ಚ ಇವುಗಳ ಗುರುತು ಹತ್ತುವುದು ಅಲ್ಲಿ. ಹಾಗಾಗಿ ನಮ್ಮ ಟೆರೇಸಿನಿಂದ ಹೊರಟ ಹಾಡು ಪಕ್ಕದ ಮನೆಯ ಮಲಗುವ ಕೋಣೆ ಮುಟ್ಟುವಾಗ ಅದರಲ್ಲಿ ಕನ್ನಡ ಉಳಿದಿರುವುದಿಲ್ಲ. ದುಂ ದುಂ ಎಂಬ ಗುದ್ದು ಉಳಿದಿರುತ್ತದೆ. ಕವಿಯ ಮಾತು ನಮ್ಮ ಗೋಡೆಯಲ್ಲೇ ಉದುರಿಹೋಗಿ, ತಬಲಾದ ಡಗ್ಗಾ ಒಂದೇ ಅತ್ತ ಹೋಗುತ್ತದೆ. ನಾವು ಕನ್ನಡ ಕೇಳಿಸಿದೆವು ಅಂದುಕೊಳ್ಳುತ್ತೇವೆ. ಅವರಿಗೆ ಸಿಕ್ಕಿದ್ದು ಯಾವ ಭಾಷೆಯದೂ ಅಲ್ಲದ ತಲೆನೋವು. ಭಾಷೆಯನ್ನು ನೆರೆಯವರಿಗೆ ಮುಟ್ಟಿಸಬೇಕೆಂದರೆ ಅವರನ್ನು ಟೆರೇಸಿಗೇ ಕರೆಯಬೇಕು, ಒಂದು ತಟ್ಟೆ ಗಿರ್ಮಿಟ್ ಕೊಡಬೇಕು. ಗೆಳೆಯ ಇದನ್ನು ಪೂರ್ತಿ ಒಪ್ಪಿದ್ದಾನೆ ಎಂದೇನಿಲ್ಲ.

ಒಳ್ಳೆಯ ಸಂಗೀತವಾದರೆ ಪರವಾಗಿಲ್ಲ ಎನ್ನುವವರೂ ಇದ್ದಾರೆ. ಡಿಜೆ ಬೇರೆ, ಮಲ್ಲಿಕಾರ್ಜುನ ಮನ್ಸೂರರು ಬೇರೆ ಎನ್ನುವುದು ಧಾರವಾಡ ಕಡೆಯಿಂದ ಬಂದ ನನಗೂ ಒಳಗೊಳಗೆ ಸರಿಯೆನ್ನಿಸುವ ವಾದ. ಆದರೆ ಪುಣೆಯಲ್ಲಿರುವವರಿಗೆ ಇದಕ್ಕೆ ಉತ್ತರ ಕಣ್ಣೆದುರೇ ಇದೆ. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಅವರ ಶಿಷ್ಯ, ಗದಗ ಕಡೆಯ ಭೀಮಸೇನ ಜೋಶಿಯವರು 1953ರಲ್ಲಿ ಇಲ್ಲಿ ಶುರುಮಾಡಿದ ಸಂಗೀತೋತ್ಸವ ಮೊದಲೆಲ್ಲ ರಾತ್ರಿಯಿಡೀ ನಡೆಯುತ್ತಿತ್ತು. ಡಿಸೆಂಬರಿನ ಚಳಿಯಲ್ಲಿ ಕಂಬಳಿ ಹೊದ್ದು ಕುಳಿತು ಬೆಳಗಿನ ತನಕ ಕೇಳಿದ್ದನ್ನು ಹಳಬರು ಇಂದಿಗೂ ಹೇಳುತ್ತಾರೆ. ಹತ್ತು ಗಂಟೆಯ ನಿಯಮ ಬಂದ ಮೇಲೆ ಆ ರಾತ್ರಿಗಳು ನಿಂತವು. ನಡುರಾತ್ರಿಯ ಮಾಲಕಂಸವನ್ನು ನಡುರಾತ್ರಿಯಲ್ಲೇ ಅಲ್ಲಿ ಕೇಳುವ ಯೋಗ ಹೋಯಿತು. ಇದು ಸಣ್ಣ ನಷ್ಟವಲ್ಲ. ರಾಗಕ್ಕೆ ಒಂದು ಹೊತ್ತಿದೆ ಎಂದು ನಂಬಿದ ಪರಂಪರೆಗೆ ಗಡಿಯಾರವೇ ಅಡ್ಡ ಬಂತು. ಡಿಜೆಗಳಿಗೆ ಮೂಗುದಾರ ಹಾಕಲು ಬಂದ ನಿಯಮ ಭೀಮಸೇನರ ಉತ್ಸವಕ್ಕೂ ತಗುಲಿತಲ್ಲ ಎಂದು ನನಗೂ ಸಂಕಟವಾಗುತ್ತದೆ. ಆದರೂ ನಿಯಮ ಬೇರೆ ಇನ್ನೇನು ಮಾಡಲಾದೀತು? ಇದು ಒಳ್ಳೆಯ ಸದ್ದು, ಇದು ಕೆಟ್ಟದ್ದು ಎಂದು ತೂಗಿ ಪರವಾನಗಿ ಕೊಡುವ ಅಧಿಕಾರಿ ಬಂದರೆ, ಅವನ ರುಚಿ ನನ್ನ ರುಚಿಯಾಗಿರುತ್ತದೆ ಎಂಬ ಭರವಸೆ ಎಲ್ಲಿದೆ? ಅಷ್ಟು ದೊಡ್ಡ ಸಂಗೀತವೇ ಹತ್ತಕ್ಕೆ ತೆರೆ ಎಳೆದುಕೊಳ್ಳುವ ಊರಿನಲ್ಲಿ ನನ್ನ ಟೆರೇಸಿನ ಪ್ಲೇಲಿಸ್ಟಿಗೆ ವಿನಾಯಿತಿ ಕೇಳಲು ನಾಚಿಕೆಯಾಗುತ್ತದೆ.

ನೆರೆಯವರನ್ನು ಮೊದಲೇ ಕೇಳಿಬಿಟ್ಟರಾಯಿತಲ್ಲ ಎನ್ನಬಹುದು. ಇಲ್ಲಿ ನಮ್ಮ ಭಾಷೆ ನಮಗೊಂದು ಸಹಾಯ ಮಾಡಿದೆ. ಮರಾಠಿಯಲ್ಲಿ ಕಿವಿಯಿಂದ ಆಲಿಸುವುದಕ್ಕೆ ಒಂದು ಪದ, ಪ್ರಶ್ನೆ ಹಾಕುವುದಕ್ಕೆ ಇನ್ನೊಂದು. ಕನ್ನಡದಲ್ಲಿ ಎರಡಕ್ಕೂ 'ಕೇಳು' ಒಂದೇ. ಹಾಡು ಕೇಳುವುದೂ ಅದೇ, ಅನುಮತಿ ಕೇಳುವುದೂ ಅದೇ. ಆದರೆ ನಾವು ಸಾಮಾನ್ಯವಾಗಿ ಕೇಳುವುದಿಲ್ಲ, ತಿಳಿಸುತ್ತೇವೆ. ಸೊಸೈಟಿಯ ವಾಟ್ಸಾಪಿನಲ್ಲಿ "ಇಂದು ಸಂಜೆ ನಮ್ಮಲ್ಲಿ ಸಣ್ಣ ಕಾರ್ಯಕ್ರಮ, ತೊಂದರೆಗೆ ಕ್ಷಮಿಸಿ" ಎಂದು ಒಂದು ಸಾಲು ಹಾಕಿ ಎರಡು ಕೈಮುಗಿದ ಚಿತ್ರ ಅಂಟಿಸಿದರೆ ಮುಗಿಯಿತು. ಬೇಡ ಎನ್ನುವ ದಾರಿ ಅದರಲ್ಲಿ ಇಲ್ಲ. ಬೇಡ ಎಂದರೂ ನಾನು ನಗುಮುಖದಲ್ಲಿ ವಾಪಸು ಹೋಗಬಲ್ಲೆ ಎಂದಿದ್ದಾಗ ಮಾತ್ರ ಅದು ಕೇಳಿದಂತೆ.

ಕೆಳಗಿನ ಆಜ್ಜಿಯನ್ನು ಕೇಳಲು ಹೋದಾಗ ಅವರು ಮೊದಲು ಕೇಳಿದ್ದು ಯಾರ ಹಾಡು ಎಂದು. ಭೀಮಸೇನರದೂ ಇರುತ್ತದೆ ಎಂದೆ. "ನಮ್ಮ ಪಂಡಿತ್‌ಜೀ ಹಾಡಿದರೆ ಬೇಡ ಅನ್ನುತ್ತೀನಾ" ಎಂದರು. 'ನಮ್ಮ' ಎಂಬುದಕ್ಕೆ ನನ್ನ ಮನಸ್ಸಿನಲ್ಲೇ ಒಂದು ತಕರಾರು ದಾಖಲಿಸಿ ಸುಮ್ಮನಾದೆ. ಐದರಿಂದ ಏಳು ಆಗಬಹುದು, ಏಳಕ್ಕೆ ಧಾರಾವಾಹಿ ಶುರು, ಮಧ್ಯಾಹ್ನ ಮಾತ್ರ ಬೇಡ ಎಂದು ಅವರೇ ಗಂಟೆ ಗೊತ್ತುಮಾಡಿದರು. ಇಂಥ ಉತ್ತರ ಸಿಕ್ಕರೆ ಪುಣ್ಯ. ಪಕ್ಕದ ಮನೆಯ ದಂಪತಿಗಳು, ಆರು ತಿಂಗಳ ಕೂಸಿನವರು, "ಅರೆ, ಏನೂ ತೊಂದರೆಯಿಲ್ಲ" ಎಂದರು. ಅದು ಒಪ್ಪಿಗೆಯೋ ಸೌಜನ್ಯವೋ ಹೇಳುವುದು ಕಷ್ಟ. ಬಾಗಿಲಿಗೆ ಬಂದ ನೆರೆಯವನ ಮುಖಕ್ಕೆ ಬೇಡ ಎನ್ನುವುದು ನಮ್ಮ ಜನಕ್ಕೆ ಎಲ್ಲಿದ್ದರೂ ಬರುವುದಿಲ್ಲ, ಅದಕ್ಕೆ ಭಾಷೆಯ ಭೇದವಿಲ್ಲ.

ಕಡೆಗೆ ಸ್ಪೀಕರ್ ಹಾಕಿಸಿದೆ. ನಾಲ್ಕು ಇಂಚಿನ ಎರಡು ಪೆಟ್ಟಿಗೆ, ಐಪಿ65 ಗುರುತಿನವು. ಅದರಲ್ಲಿ ಮೊದಲ ಅಂಕೆ ಧೂಳಿಗೆ, ಎರಡನೆಯದು ನೀರಿಗೆ: ಧೂಳು ಒಳಗೆ ಹೋಗದು, ಪೈಪಿನಿಂದ ನೀರು ಚಿಮ್ಮಿದರೂ ತಡೆಯುತ್ತದೆ ಎಂದು ಅರ್ಥ. ಕೋನ್ ಕಾಗದದ್ದಲ್ಲ, ಪಾಲಿಪ್ರೊಪಿಲಿನ್‌ದು. ಅದರ ಅಂಚು ಫೋಮ್ ಅಲ್ಲ, ರಬ್ಬರು. ಫೋಮ್ ನಮ್ಮ ಬಿಸಿಲು ಮಳೆಗೆ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ. ಬಂದ ಎಲೆಕ್ಟ್ರಿಷಿಯನ್ ಹುಡುಗ ಅವನ್ನು ಹೊರಗೋಡೆಯ ಮೇಲೆ, ರಸ್ತೆಯ ಕಡೆ ಮುಖ ಮಾಡಿ ಹಾಕುತ್ತೇನೆಂದ. "ಸಾಹೇಬ್, ಹಾಗಾದರೆ ಇಡೀ ಸೊಸೈಟಿಗೆ ಕೇಳುತ್ತದೆ" ಎಂದು ಅದನ್ನು ಒಂದು ಅನುಕೂಲವಾಗಿ ಹೇಳಿದ. ಬೇಡವೆಂದು ಕುರ್ಚಿಯ ಎರಡೂ ಬದಿಗೆ, ಸಜ್ಜಾದ ಕೆಳಗೆ, ಮುಖ ಕೊಂಚ ಕೆಳಕ್ಕೂ ನಮ್ಮ ಮನೆಯ ಕಡೆಗೂ ಇರುವಂತೆ ಹಾಕಿಸಿದೆ. ಹಣ ಕೊಟ್ಟು ತಂದ ಸದ್ದನ್ನು ಒಳಗೇ ತಿರುಗಿಸುವವರನ್ನು ಅವನು ಮೊದಲ ಸಲ ನೋಡಿದ್ದಿರಬೇಕು. ವೈರು ಗೋಡೆಯ ತೂತಿಗೆ ಹೋಗುವ ಮುನ್ನ ಒಂದು ಸುತ್ತು ಕೆಳಗಿಳಿದು ಮೇಲೇರುವಂತೆ ಬಿಟ್ಟ, ಮಳೆ ನೀರು ಅಲ್ಲೇ ತೊಟ್ಟಿಕ್ಕಲಿ ಎಂದು. ಆ ಕೆಲಸ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹಾಕಿಸುವುದಕ್ಕಿಂತ ಕಾಪಾಡಿಕೊಳ್ಳುವುದು ಉದ್ದದ ಕೆಲಸ. ನೀತಿಯ ಮಾತು ನನಗೆ ಹೆಚ್ಚು ಎದುರಾದದ್ದೂ ಇಲ್ಲೇ. ಪುಣೆಯಲ್ಲಿ ಎಲ್ಲೆಲ್ಲೂ ಕಟ್ಟಡದ ಕೆಲಸ, ಸಿಮೆಂಟಿನ ಧೂಳು. ಅದಕ್ಕೆ ಪಾರಿವಾಳದ ಪುಕ್ಕ ಸೇರಿ ಮೂರು ತಿಂಗಳಲ್ಲಿ ಸ್ಪೀಕರಿನ ಜಾಲರಿ ಮುಚ್ಚಿಕೊಳ್ಳುತ್ತದೆ. ಆಗ ಮಂಕಾಗುವುದು ಎತ್ತರದ ಸ್ವರಗಳು. ಮಾತು ಸರಿಯಾಗಿ ತಿಳಿಯುತ್ತಿಲ್ಲವೆಂದು ನಾವು ವಾಲ್ಯೂಮ್ ಏರಿಸುತ್ತೇವೆ. ಮಾತು ಅಷ್ಟಕ್ಕಷ್ಟೇ, ಬೇಸ್ ಮಾತ್ರ ನೆರೆಮನೆಗೆ ಹೆಚ್ಚು ಹೋಗುತ್ತದೆ. ತಿಂಗಳಿಗೊಮ್ಮೆ ಮೆತ್ತನೆಯ ಬ್ರಶ್ಶಿನಿಂದ ಜಾಲರಿ ಉಜ್ಜುವುದು ಹಾಗಾಗಿ ಸ್ಪೀಕರಿಗೆ ಮಾಡುವ ಉಪಚಾರವಷ್ಟೇ ಅಲ್ಲ. ಸ್ಕ್ರೂ ಸಡಿಲವಾಗಿ ಬ್ರ್ಯಾಕೆಟ್ ನಡುಗಿದರೆ ಆ ಜರ್ ಸದ್ದು ಗೋಡೆಯ ಮೂಲಕ ಆಚೆಯವರಿಗೆ ನನಗಿಂತ ಚೆನ್ನಾಗಿ ಕೇಳಿಸುತ್ತದೆ. ಮಳೆಗಾಲದ ಮುಂಚೆ ಮತ್ತು ನಂತರ ವೈರಿನ ತುದಿ ಬಿಚ್ಚಿ ನೋಡಬೇಕು, ತಾಮ್ರ ಹಸಿರುಗಟ್ಟಿದ್ದರೆ ಅಷ್ಟು ಕತ್ತರಿಸಿ ಹೊಸ ತುದಿ ಸಿಕ್ಕಿಸಬೇಕು. ಸಮುದ್ರದ ಉಪ್ಪುಗಾಳಿಯ ಮುಂಬೈ, ಚೆನ್ನೈಗಳಲ್ಲಿರುವವರಿಗೆ ಈ ಕೆಲಸ ಇನ್ನೂ ಬೇಗ ಬರುತ್ತದೆ. ಅಲ್ಲಿ ಸ್ಟೇನ್‌ಲೆಸ್ ಸ್ಕ್ರೂ ಹಾಕಿಸದಿದ್ದರೆ ತುಕ್ಕಿನ ಕಂದು ಗೆರೆ ಗೋಡೆಯುದ್ದಕ್ಕೂ ಇಳಿಯುತ್ತದೆ.

ತುಕ್ಕು ಹಿಡಿಯುವುದು ಲೋಹಕ್ಕೆ ಮಾತ್ರವಲ್ಲ. ಮೊದಲ ವಾರ ಎಷ್ಟೊಂದು ಎಚ್ಚರದಿಂದ ಗೊತ್ತುಮಾಡಿದ ವಾಲ್ಯೂಮ್ ಅದು. ದಿನ ಕಳೆದಂತೆ ಕಿವಿ ಅದಕ್ಕೆ ಒಗ್ಗುತ್ತದೆ, ಸಾಲದೆನ್ನಿಸುತ್ತದೆ. ರಸ್ತೆಯ ಹಾರ್ನು ಒಂದು ಸಂಜೆ ಜಾಸ್ತಿಯಿದ್ದರೆ ಒಂದು ಗೆರೆ ಏರುತ್ತದೆ, ಮರುದಿನ ಹಾರ್ನು ಇಲ್ಲದಿದ್ದರೂ ಗೆರೆ ಇಳಿಯುವುದಿಲ್ಲ. ಯಾರೂ ಬೇಕೆಂದು ಮಾಡುವುದಲ್ಲ ಇದು. ಅದಕ್ಕಾಗಿ ಆಂಪ್ಲಿಫೈಯರಿನ ಗುಂಡಿಯ ಪಕ್ಕ ಬಿಳಿ ಬಣ್ಣದಲ್ಲಿ ಒಂದು ಗುರುತು ಹಾಕಿದ್ದೇನೆ, ಮೊಬೈಲಿನ ಅಳತೆಯ ಆ್ಯಪ್ ಹಿಡಿದು ಆಗಾಗ ಗೋಡೆಯಂಚಿಗೆ ಹೋಗಿ ನೋಡುತ್ತೇನೆ. ಆ ಆ್ಯಪ್ ಪ್ರಯೋಗಾಲಯದಷ್ಟು ನಿಖರವಲ್ಲ, ಆದರೆ ಕುರ್ಚಿಯಿಂದ ಎದ್ದು ಅಂಚಿಗೆ ಹೋಗಿ ನಿಲ್ಲುವಂತೆ ಮಾಡುತ್ತದೆ. ಅಲ್ಲಿ ನಿಂತಾಗ ಒಂದೊಂದು ಸಲ ನನ್ನ ಹಾಡು ನನಗೇ ಬೇರೆ ಯಾರದೋ ಮನೆಯಿಂದ ಬರುತ್ತಿರುವಂತೆ ಕೇಳಿಸುತ್ತದೆ.

ಸದ್ದೇ ಇಲ್ಲದ ನೆರೆಹೊರೆ ನನಗೆ ಬೇಕಿಲ್ಲ, ಇದನ್ನೂ ಹೇಳಬೇಕು. ಕಿಟಕಿಗೆ ಎರಡು ಪದರ ಗಾಜು ಹಾಕಿಸಿಕೊಳ್ಳಬಲ್ಲವರು ನಿಶ್ಶಬ್ದದ ಬಗ್ಗೆ ಬಹಳ ಮಾತಾಡುತ್ತಾರೆ, ಅವರದೇ ಕಾರಿನ ಹಾರ್ನಿನ ಬಗ್ಗೆ ಕಡಿಮೆ. ಎದುರಿನ ಕಟ್ಟಡದ ಕೆಲಸಕ್ಕೆ ಬಂದ ಯಾದಗಿರಿ ಕಡೆಯವರು ತಗಡಿನ ಶೆಡ್ಡಿನಲ್ಲಿದ್ದಾರೆ. ರಾತ್ರಿ ಎಂಟಕ್ಕೆ ಮೊಬೈಲಿನಲ್ಲಿ ತತ್ವಪದ ಹಾಕಿಕೊಂಡು ರೊಟ್ಟಿ ಬಡಿಯುತ್ತಾರೆ. ಅವರಿಗೆ ಟೆರೇಸೂ ಇಲ್ಲ, ಗೋಡೆಯೂ ಇಲ್ಲ. ಅದು ನಮ್ಮ ತನಕ ಬರುತ್ತದೆ, ಬಂದರೆ ನನಗೆ ಸಂತೋಷವೇ. ನನ್ನ ನೆರೆಯವರಿಗೆ ಹಾಗೆ ಅನ್ನಿಸಬೇಕೆಂದೇನೂ ಇಲ್ಲ. ಕೆಳಗಿನ ಶೆಡ್ಡಿನ ಹಾಡಿಗೂ ಮೇಲಿನ ನನ್ನ ಹಾಡಿಗೂ ಒಂದೇ ಅಳತೆಗೋಲು ಹಿಡಿಯುವುದು ಸರಿಯೇ ಎಂದು ಕೇಳಿದರೆ ಅಷ್ಟು ಸುಲಭವಾಗಿ ಹೌದು ಎನ್ನಲಾರೆ. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವ ಅನುಕೂಲ ನನಗಿದೆ, ಅವರಿಗಿಲ್ಲ.

ಈಗ ಸಂಜೆ ಐದೂವರೆಗೆ ಹಾಡು ಹಾಕುತ್ತೇನೆ. ಮೂರನೆಯ ವಾರದಿಂದ ಒಂದು ಗಮನಿಸಿದ್ದೇನೆ. ಕೂಸಿನ ಮನೆಯ ಕಿಟಕಿ ಕೆಲವು ದಿನ ಆ ಹೊತ್ತಿಗೆ ಮುಚ್ಚಿರುತ್ತದೆ, ಕೆಲವು ದಿನ ತೆರೆದಿರುತ್ತದೆ. ಸೊಳ್ಳೆಯ ಹೊತ್ತು ಅದು, ಅದಕ್ಕೂ ಮುಚ್ಚಿರಬಹುದು. ಮುಚ್ಚಿದ ದಿನ ಗುಂಡಿಯನ್ನು ಬಿಳಿ ಗುರುತಿನಿಂದಲೂ ಕೆಳಕ್ಕೆ ತಿರುಗಿಸಿ ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಳ್ಳುತ್ತೇನೆ. ಒಂದು ದಿನ ಹೋಗಿ ಮತ್ತೊಮ್ಮೆ ಕೇಳಬೇಕು. ಈ ಸಲ ಮನೆಯ ಯಜಮಾನನನ್ನಲ್ಲ, ಕೂಸನ್ನು ಮಲಗಿಸುವ ಆ ತಾಯಿಯನ್ನು.